ಮೊಮ್ಮಗಳ ಹೆಡ್‌ಸೆಟ್ಟಿಗಾಗಿ ಹುಬ್ಬಳ್ಳಿಗೆ ಹೋದದ್ದು

ನವಲಗುಂದಕ್ಕೆ ಬಂದ ಮೊದಲನೇ ದಿನವೇ ಇಲ್ಲಿಯ ನೆಲ ನನ್ನ ಚಪ್ಪಲಿ ಕಿತ್ತುಕೊಂಡಿತು. ಹಿಂದಿನ ದಿನ ಮಳೆಯಾಗಿತ್ತು. ಸಾಮಾನಿನ ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟೆ. ಐದನೆಯದಕ್ಕೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ನಮ್ಮ ಮಳವಳ್ಳಿಯ ಕೆಂಪು ಮಣ್ಣು ಕಾಲಿಗೆ ಹತ್ತಿದರೆ ಒಂದು ಚೆಂಬು ನೀರಿಗೆ ಹೋಗುತ್ತದೆ. ಇಲ್ಲಿಯದು ಕಪ್ಪು ಎರೆ. ಹಿಡಿದರೆ ಹಿಡಿದದ್ದೇ. ಮನೆಯ ಮಾಲಕಿ ನೀಲವ್ವ ಸೀರೆ ಎತ್ತಿ ಕಟ್ಟಿ ಬಂದು, ಕೈ ಹಾಕಿ ಚಪ್ಪಲಿ ಎಳೆದುಕೊಟ್ಟಳು. "ಹೊಸಾ ಮಂದೀನ್ನ ಎರಿ ಹಿಂಗ ಹಿಡ್ಕೊಂತೈತ್ರಿ ಅಕ್ಕಾರ. ಬಿಡಂಗಿಲ್ಲ," ಅಂದಳು. ಅವಳು ನಗುತ್ತಿದ್ದಳು. ನನಗೆ ಬೈದ ಹಾಗೆ ಕೇಳಿಸಿತು. ಇಲ್ಲಿಯವರು ಪ್ರೀತಿಯಿಂದ ಊಟಕ್ಕೆ ಕರೆದರೂ ಜಗಳಕ್ಕೆ ಕರೆದ ಹಾಗಿರುತ್ತದೆ ಅನ್ನುವುದು ತಿಳಿಯುವುದಕ್ಕೆ ನನಗೆ ಒಂದು ತಿಂಗಳು ಬೇಕಾಯಿತು.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಊರಿನಲ್ಲಿರುವ ನಿಮಗೆ ಇದನ್ನು ಬರೆದು ಹೇಳಿಕೊಳ್ಳದಿದ್ದರೆ ಎದೆ ಹಗುರಾಗುವುದಿಲ್ಲ.

ನನ್ನ ಮಗಳು ಸುಧಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಬಡ್ತಿ ಕೊಟ್ಟರು, ಜೊತೆಗೆ ಇಷ್ಟು ದೂರದ ಊರು ಕೊಟ್ಟರು. ಅಳಿಯ ಇದಕ್ಕೂ ಮೊದಲೇ ಬೇರೆ ಸಂಸಾರ ಹೂಡಿದ್ದ. ಹೋಗುವಾಗ ತನ್ನ ಮಗಳು ಚಂದನಾಳ ಕೈಗೆ ಒಂದು ಪೆಟ್ಟಿಗೆ ಕೊಟ್ಟು ಹೋದ. ಟಿವಿಗೆ ಸಿಕ್ಕಿಸಿ ಆಟ ಆಡುವ ಪೆಟ್ಟಿಗೆ, ಕನ್ಸೋಲ್ ಅಂತಾರೆ. ಅಪ್ಪನ ಬದಲಿಗೆ ಒಂದು ಪೆಟ್ಟಿಗೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ನೀಲವ್ವನ ಹಿತ್ತಲಿನ ಎರಡು ಖೋಲಿಗಳಲ್ಲಿ ನಮ್ಮ ಸಂಸಾರ. ಖೋಲಿ ಅಂದರೆ ಕೋಣೆ. ಬಾಜು ಅಂದರೆ ಪಕ್ಕ, ಜಳಕ ಅಂದರೆ ಸ್ನಾನ. ನಲ್ಲಿಯಲ್ಲಿ ನೀರು ಬರುವ ದಿನ ಮನೆಯಲ್ಲಿರುವ ಚೆಂಬು, ಲೋಟಗಳನ್ನೂ ತುಂಬಿಸಿಡಬೇಕು. ನಾಲೆಯ ನೀರಿನಲ್ಲಿ ಬಟ್ಟೆ ಒಗೆದು ಬೆಳೆದವಳು ನಾನು. ಅರ್ಧ ಲೋಟ ನೀರು ಚೆಲ್ಲಿದ್ದಕ್ಕೆ ಈ ವಯಸ್ಸಿನಲ್ಲಿ ಮಗಳ ಕೈಲಿ ಮಾತು ಕೇಳಿದೆ. ಮುದ್ದೆ ತೊಳಸಲು ರಾಗಿ ಹಿಟ್ಟು ಸಿಗುತ್ತದೆ, ಆದರೆ ಹಳೆಯದು, ಮುಗ್ಗುಲು ವಾಸನೆ. ನೀಲವ್ವ ಮೊದಲ ವಾರ ಜೋಳದ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಕಳಿಸಿದಾಗ ನಾನು ತಟ್ಟೆ ಮುಟ್ಟಲಿಲ್ಲ. ನಮ್ಮಲ್ಲಿ ಹಿಂಡಿ ಅಂದರೆ ದನಕ್ಕೆ ಹಾಕುವುದು. ಇಲ್ಲಿ ಅದು ಕಡಲೆಕಾಯಿಯ ಚಟ್ನಿಪುಡಿ. ಆಮೇಲೆ ತಿಂದೆ. ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೂ ಕೋಪ ಬಂತು.

ನಾವು ದೊಡ್ಡವರು ಹೇಗೋ ನುಂಗಿಕೊಂಡೆವು. ಮಾತು ಬಿಟ್ಟವಳು ಚಂದನಾ. ಹದಿಮೂರು ವರ್ಷ. ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಹುಡುಗಿ. ಇಲ್ಲಿಯ ಶಾಲೆಯಲ್ಲಿ ಮೊದಲ ದಿನವೇ "ಬತ್ತೀನಿ ಮಿಸ್" ಅಂದಳಂತೆ. ಅಂದಿನಿಂದ ಅವಳನ್ನು ಕಂಡರೆ ಸಾಕು, ಹುಡುಗಿಯರು ಬತ್ತೀನಿ ಬತ್ತೀನಿ ಅಂತ ಹಾಡುತ್ತಿದ್ದರಂತೆ. ಆ ಹಾಡು ಕಟ್ಟಿದವಳು ಬೇರೆ ಯಾರೂ ಅಲ್ಲ, ನೀಲವ್ವನ ಮೊಮ್ಮಗಳು ಸೃಷ್ಟಿ. ಅದೇ ಅಂಗಳ, ಅದೇ ಕ್ಲಾಸು. ಚಂದನಾ ಶಾಲೆಯಲ್ಲಿ ಬಾಯಿ ಮುಚ್ಚಿದಳು. ಕ್ರಮೇಣ ಮನೆಯಲ್ಲೂ ಮುಚ್ಚಿದಳು.

ಅವಳ ಬಾಯಿ ತೆರೆಯುತ್ತಿದ್ದದ್ದು ಭಾನುವಾರ ಸಂಜೆ ನಾಲ್ಕು ಗಂಟೆಗೆ ಮಾತ್ರ. ಆ ಹೊತ್ತಿಗೆ ಮಳವಳ್ಳಿಯ ನಮ್ಮ ಬೀದಿಯ ರಕ್ಷಿತಾ ಮತ್ತು ಇನ್ನಿಬ್ಬರು ಗೆಳತಿಯರು ತಮ್ಮ ತಮ್ಮ ಮನೆಯಲ್ಲಿ ಕೂರುತ್ತಾರೆ, ಇವಳು ಇಲ್ಲಿ ಕೂರುತ್ತಾಳೆ. ಇಂಟರ್ನೆಟ್ಟಿನಲ್ಲಿ ನಾಲ್ವರೂ ಒಂದೇ ಆಟದೊಳಗೆ ಸೇರುತ್ತಾರೆ. ಒಂದು ದ್ವೀಪ, ಅದರಲ್ಲಿ ಒಂದು ಕೋಟೆ, ಕಾಯುವವರು ನಾಲ್ಕೇ ಜನ. ಚಂದನಾಳ ಕೆಲಸ ಬುರುಜಿನ ಮೇಲೆ ನಿಂತು, ವೈರಿಗಳು ಯಾವ ಕಡೆಯಿಂದ ಬಂದರು ಅಂತ ಕೂಗಿ ಹೇಳುವುದು. "ಎಡಗಡೆಯಿಂದ ಬತ್ತಾವ್ರೆ ಕಣ್ರೇ" ಅಂತ ಅವಳು ಕೂಗಿದರೆ ನನಗೆ ಕುಣಿಯುವ ಹಾಗಾಗುತ್ತಿತ್ತು. ಒಲೆಯ ಮೇಲಿನ ಹಾಲು ಉಕ್ಕಿದರೂ ಎದ್ದು ಹೋಗುತ್ತಿರಲಿಲ್ಲ. ಅಳಿಯನ ಮೇಲಿನ ಉರಿ ಹಾಗೇ ಉಳಿಯಿತು, ಪೆಟ್ಟಿಗೆಯ ಮೇಲಿನ ಉರಿ ತಣ್ಣಗಾಯಿತು. ಅದಕ್ಕೆ ದಿನಾ ಸೆರಗಿನಲ್ಲಿ ಧೂಳು ಒರೆಸತೊಡಗಿದೆ.

ಆಮೇಲೆ ನಾವು ಮುಂದಿನ ಖೋಲಿಗೆ ಸಾಮಾನು ಬದಲಾಯಿಸಿದೆವು. ನನ್ನ ಒರಳುಕಲ್ಲನ್ನು ನಾನೇ ಉರುಳಿಸಿಕೊಂಡು ಹೋದೆ. ಆಟ ಆಡುವಾಗ ಚಂದನಾ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ವೈರು ನೆಲದ ಮೇಲಿತ್ತು. ಕಲ್ಲು ಅದರ ಮೇಲೆ ಹೋಯಿತು. ಅವಳು ಪುಡಿಯಾದದ್ದನ್ನು ಕಾಗದದಲ್ಲಿ ಸುತ್ತಿ ಇಟ್ಟಳು. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಹೊಸದನ್ನು ನಾನೇ ತರುತ್ತೇನೆ, ಮನೆಯಲ್ಲಿ ಯಾರಿಗೂ ಹೇಳದೆ ತರುತ್ತೇನೆ ಅಂತ ಹಟ ಹಿಡಿದೆ. ಶನಿವಾರ ಅವಳು ಶಾಲೆಗೆ ಹೋದ ಮೇಲೆ ನೀಲವ್ವನನ್ನು ಜೊತೆಗೆ ಕರೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ. ಅಂಗಡಿಯವನು ಹತ್ತು ಬಗೆಯ ಹೆಡ್‌ಸೆಟ್ಟು ತೆಗೆದು ಹರಡಿದ. ನಾವಿಬ್ಬರೂ ಮಡಕೆ ಕೊಳ್ಳುವ ಹಾಗೆ ಒಂದೊಂದನ್ನೂ ಎತ್ತಿ ತೂಕ ನೋಡಿದೆವು, ಮೆತ್ತೆ ಒತ್ತಿ ನೋಡಿದೆವು. ಚಂದನಾಳಿಗೆ ಎರಡು ಜಡೆ. ಜಡೆಯ ಮೇಲೆ ಕೂರುತ್ತದೋ ಇಲ್ಲವೋ ಅಂತ ನಾನು ನನ್ನ ತುರುಬಿನ ಮೇಲೆ ಹಾಕಿ ನೋಡಿಕೊಂಡೆ. ಬೀದಿಯ ಗದ್ದಲವೆಲ್ಲ ದೂರ ಹೋಯಿತು. ಅಂಥ ನೆಮ್ಮದಿ ಈ ಕಡೆಗೆ ಬಂದ ಮೇಲೆ ನನಗೆ ಸಿಕ್ಕಿರಲಿಲ್ಲ.

ಅಂಗಡಿಯವನು ಇನ್ನೊಂದನ್ನು ಮುಂದಿಟ್ಟ. "ಅಮ್ಮಾರ, ಆಟಕ್ಕಂದ್ರ ಇದನ್ನ ಒಯ್ಯಬೇಕ್ರಿ. ಮೈಕ್ ಐತ್ರಿ ಇದಕ್ಕ," ಅಂದ. ಕಿವಿಯಿಂದ ಬಾಯಿಯ ಮುಂದಕ್ಕೆ ಒಂದು ಕಡ್ಡಿ ಬಾಗಿಕೊಂಡಿತ್ತು. ಕಣದಲ್ಲಿ ಎತ್ತು ತೆನೆಗೆ ಬಾಯಿ ಹಾಕದಿರಲಿ ಅಂತ ಬಾಯಿಕುಕ್ಕೆ ಕಟ್ಟುತ್ತೇವಲ್ಲ, ಅದೇ ಕಂಡಿತು. ಮೊದಲೇ ಮಾತು ಬಿಟ್ಟ ಹುಡುಗಿ, ಅವಳ ಬಾಯಿಗೆ ನಾನೇ ಇದನ್ನು ಕಟ್ಟಲೇ?

"ಮೈಕು ಯಾಕಪ್ಪ, ಅವಳೇನು ಭಾಷಣ ಮಾಡ್ತಾಳಾ?" ಅಂದೆ.

"ಹೌದ್ ಬಿಡ್ರಿ ಅಕ್ಕಾರ, ಎತ್ತಿಗೆ ಕುಕ್ಕಿ ಹಾಕಿದಂಗ ಕಾಣ್ತೈತಿ," ಅಂದಳು ನೀಲವ್ವ. ನನ್ನ ಮನಸ್ಸಿನಲ್ಲಿದ್ದದ್ದನ್ನೇ ಅವಳು ಅಂದಳು. ಈ ಕಡೆಗೆ ಬಂದ ಮೇಲೆ ನಾವಿಬ್ಬರೂ ಮೊದಲ ಸಲ ಒಂದಾದದ್ದು ಅಲ್ಲಿ. ಹಳೆಯ ವೈರಿನಲ್ಲಿ ಇಂಥ ಕಡ್ಡಿ ಇರಲಿಲ್ಲ, ಆದರೂ ಮಾತಾಡುತ್ತಿದ್ದಳಲ್ಲ ಅಂತ ವಾದ ಮಾಡಿ, ಕಡ್ಡಿ ಇಲ್ಲದ, ಕೆಂಪು ಮೆತ್ತೆಯ ಹೆಡ್‌ಸೆಟ್ಟು ತಂದೆ. ಅಂಗಡಿಯವನು ತಲೆ ಕೆರೆದುಕೊಂಡ. ಬಸ್ಸಿನಲ್ಲಿ ಹೆಡ್‌ಸೆಟ್ಟಿನ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ಕೇಳಿದವರಿಗೆ, ಕೇಳದವರಿಗೆ ಎಲ್ಲರಿಗೂ ಮೊಮ್ಮಗಳಿಗೆ ಅಂತ ಹೇಳಿದೆ.

ಚಂದನಾ ಪೆಟ್ಟಿಗೆ ತೆರೆದಳು. ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕೊರಳು ತಬ್ಬಿ, "ಬೋ ಚೆನ್ನಾಗೈತೆ ಕಣಜ್ಜಿ" ಅಂದಳು. ಆ ದಿನ ನನಗೆ ನಿದ್ದೆ ಬೇಕಾಗಲಿಲ್ಲ, ಊಟ ಬೇಕಾಗಲಿಲ್ಲ.

ಎರಡು ಭಾನುವಾರ ಅವಳು ಅದನ್ನು ಹಾಕಿಕೊಂಡು ಕೂತಳು. ಕೂಗಲಿಲ್ಲ. ದೊಡ್ಡವಳಾಗುತ್ತಿದ್ದಾಳೆ, ನಾಚಿಕೆ ಅಂದುಕೊಂಡೆ. ನಡುನಡುವೆ ಕೈಯಲ್ಲಿ ಹಿಡಿಯುವ ಕಂಟ್ರೋಲರಿನಿಂದ ಒಂದೊಂದೇ ಅಕ್ಷರ ಹುಡುಕಿ ಏನೋ ಒತ್ತುತ್ತಿದ್ದಳು. ಅಷ್ಟರಲ್ಲಿ ಟಿವಿಯಲ್ಲಿ ಕೋಟೆಗೆ ಬೆಂಕಿ ಬಿದ್ದಿರುತ್ತಿತ್ತು.

ಮೂರನೇ ಭಾನುವಾರ ಅವಳು ನೀರು ಕುಡಿಯಲು ಎದ್ದು ಹೋದಾಗ ಹೆಡ್‌ಸೆಟ್ಟನ್ನು ನಾನು ಹಾಕಿಕೊಂಡೆ. ಆಗಾಗ ಹಾಗೆ ಹಾಕಿಕೊಳ್ಳುತ್ತಿದ್ದೆ. ಎರಡೂ ಕಿವಿಯಲ್ಲಿ ನಮ್ಮೂರ ಮಾತು ತುಂಬುತ್ತಿತ್ತು, ಹಿಂದೆ ಯಾರದೋ ಮನೆಯ ಕುಕ್ಕರ್ ಕೂಗುತ್ತಿತ್ತು. ಅವತ್ತು ರಕ್ಷಿತಾ ಹೇಳುತ್ತಿದ್ದಳು: "ಅವ್ಳು ಮಾತೇ ಆಡಲ್ಲ ಕಣ್ರೇ. ಮೈಕ್ ಇಲ್ಲ ಅಂತ ಟೈಪ್ ಮಾಡ್ತಾಳೆ, ತಗೋ ಅಂದ್ರೆ ತಗಳಲ್ಲ. ಧಾರವಾಡದೋಳಾಗ್ಬುಟ್ಳು, ದೌಲತ್ತು. ಮುಂದಿನ ವಾರದಿಂದ ಅವ್ಳ ಜಾಗಕ್ಕೆ ಪೂಜಾನ ಸೇರಿಸ್ಕೊಳವ."

ಆ ರಕ್ಷಿತಾ ನನ್ನ ಮನೆಯ ಹೊಸಿಲ ಮೇಲೆ ಕೂತು ಮುದ್ದೆ ನುಂಗಿದ ಹುಡುಗಿ. "ಲೇ ರಕ್ಷಿತಾ, ನಾನು ಕಣೇ, ಚಂದನಾ ಅಜ್ಜಿ," ಅಂದೆ. ಅವರು ಮಾತಾಡುತ್ತಲೇ ಇದ್ದರು. ಇನ್ನೂ ಗಟ್ಟಿಯಾಗಿ ಅಂದೆ. ಯಾರೂ ತಿರುಗಿ ಕೇಳಲಿಲ್ಲ. ಮಗು ಎಲ್ಲೂ ಹೋಗಿಲ್ಲ, ದೌಲತ್ತು ಮಾಡಿಲ್ಲ ಅಂತ ಕಿರುಚಿದೆ. ಅವರು ನಗುತ್ತಾ ಪೂಜಾಳ ಮಾತಾಡಿದರು.

ಚಂದನಾ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಜ್ಜಿ, ಅದ್ರಲ್ಲಿ ಮಾತು ಹೋಗಲ್ಲ. ಬರೀ ಕೇಳ್ತದೆ," ಅಂದಳು. ಹಳೆಯ ವೈರಿನ ನಡುವೆ ಅವರೆಕಾಳಿನಷ್ಟು ಒಂದು ಗಂಟು ಇತ್ತಂತೆ, ಮಾತು ಹೋಗುತ್ತಿದ್ದದ್ದು ಅದರಿಂದಂತೆ.

"ಮದ್ಲೇ ಯಾಕವ್ವ ಹೇಳ್ನಿಲ್ಲ?"

"ನೀನು ಒಬ್ಳೇ ಹುಬ್ಬಳ್ಳಿಗೆ ಹೋಗಿ ತಂದಿದ್ದಲ್ಲ."

ನೀಲವ್ವನೂ ಬಂದಿದ್ದಳು, ಒಬ್ಬಳೇ ಅಲ್ಲ ಅಂತ ಹೇಳಬೇಕು ಅನ್ನಿಸಿತು. ಹೆಡ್‌ಸೆಟ್ಟು ತೆಗೆದು ಅವಳ ಕೈಗೆ ಕೊಟ್ಟೆ. ನನ್ನ ಮನಸ್ಸು ನೋಯುತ್ತದೆ ಅಂತ ಈ ಕೂಸು ಮೂರು ವಾರ ತನ್ನ ಜನದ ಮುಂದೆ ಮೂಕಿಯಾಗಿ ಕೂತಿತ್ತು. ಬಾಯಿ ಕಟ್ಟಬಾರದು ಅಂದುಕೊಂಡು ಕಟ್ಟಿದವಳು ನಾನೇ.

ಮತ್ತೆ ಹುಬ್ಬಳ್ಳಿಗೆ ಹೋದೆವು, ಈ ಸಲ ಅವಳನ್ನೇ ಕರೆದುಕೊಂಡು. ಮೆತ್ತೆಗೆ ನನ್ನ ತಲೆಯ ಹರಳೆಣ್ಣೆ ಹತ್ತಿದ್ದರಿಂದ ಅಂಗಡಿಯವನು ಹಳೆಯದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಚಂದನಾ ಬಣ್ಣ ನೋಡಲಿಲ್ಲ, ಮೆತ್ತೆ ಒತ್ತಲಿಲ್ಲ. ಪಿನ್ನು ಕಂಟ್ರೋಲರಿಗೆ ಕೂರುತ್ತದೋ, ಕಡ್ಡಿ ಎಷ್ಟು ಬಾಗುತ್ತದೆ, ಫ್ಯಾನಿನ ಸದ್ದು ಆ ಕಡೆಯವರಿಗೆ ಕೇಳುತ್ತದೋ, ಬೇಡವಾದಾಗ ಮಾತು ನಿಲ್ಲಿಸುವ ಗುಂಡಿ ಎಲ್ಲಿದೆ, ಇಷ್ಟೇ ಕೇಳಿದಳು. ನನಗಿಂತ ಚೆನ್ನಾಗಿ ಕೊಂಡಳು. ನೋಡಿ ನನ್ನ ಹೊಟ್ಟೆ ತುಂಬಿತು.

ಅದನ್ನು ಹಾಕಿಕೊಂಡು ಭಾನುವಾರ ಮಾತಾಡಿದಳು. ಕೋಟೆಯಲ್ಲಿ ನಾಲ್ಕೇ ಜಾಗ, ನಾಲ್ಕನೆಯದರಲ್ಲಿ ಪೂಜಾ ಇದ್ದಳು. ಮುಂದಿನ ವಾರ ನೋಡೋಣ ಅಂದರಂತೆ. ಅದರ ಮುಂದಿನ ವಾರವೂ ಹಾಗೇ ಅಂದರು. ಆಮೇಲೆ ಅನ್ನುವುದನ್ನೂ ಬಿಟ್ಟರು. ಮಕ್ಕಳು, ಅವರಿಗೇನು ಗೊತ್ತು ಅಂತ ನೀವು ಹೇಳಬಹುದು. ನಮ್ಮ ಊರು ನಮ್ಮನ್ನು ಮರೆಯಲು ಮೂರು ಭಾನುವಾರ ಸಾಕಾಯಿತು ಅಂತ ನಾನು ಹೇಳುತ್ತೇನೆ.

ನಾನು ನೀಲವ್ವನ ಹತ್ತಿರ ಇದನ್ನು ಹೇಳಿಕೊಂಡು ಅತ್ತೆ. ಅವಳು ತನ್ನ ಮೊಮ್ಮಗಳಿಗೆ ಏನು ಹೇಳಿದಳೋ ಕಾಣೆ. ಮರುದಿನ ಸೃಷ್ಟಿ ಫೋನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಅವಳೂ ಅದೇ ಆಟವನ್ನು ಫೋನಿನಲ್ಲಿ ಆಡುವವಳಂತೆ. "ಏ, ಬುರುಜಿನ ಮ್ಯಾಲೆ ನಿಂದ್ರಾಕ ನಮಗ ಒಬ್ಬಾಕಿ ಬೇಕಾಗ್ಯಾಳ. ಬರ್ತೀ ಏನ?" ಅಂದಳು. ಚಂದನಾ ಅವಳ ಮುಖವನ್ನೇ ನೋಡಿದಳು. "ಬತ್ತೀನಿ" ಅಂದಳು. ಬೇಕಂತಲೇ ಅಂದಳು, ಒಂದೊಂದು ಅಕ್ಷರವನ್ನೂ ಒತ್ತಿ. ಸೃಷ್ಟಿಯ ಕಿವಿ ಕೆಂಪಾಯಿತು. ನನ್ನ ಹುಡುಗಿ, ನನ್ನ ಸಿಂಹಿಣಿ.

ಆ ಭಾನುವಾರ ಮನೆಯಲ್ಲಿ ಮತ್ತೆ ಕೂಗು ಎದ್ದಿತು. ಮೊದಮೊದಲು ಅವಳು "ಬತ್ತಾವ್ರೆ" ಅಂದರೆ ಆ ಹುಡುಗಿಯರು ನಗುತ್ತಿದ್ದರು. ಆದರೆ ಗೆಲ್ಲುತ್ತಿದ್ದರು. ಮಳೆಗಾಲ ಮುಗಿದು ಹೊಲದಲ್ಲಿ ಹತ್ತಿ ಒಡೆಯುವ ಹೊತ್ತಿಗೆ ನನ್ನ ಚಂದನಾ, "ಎಡಕ ನೋಡ್ರಿಲೇ, ಬಂದ್ರು ಬಂದ್ರು" ಅಂತ ಈ ಊರಿನಲ್ಲೇ ಹುಟ್ಟಿದವಳ ಹಾಗೆ ಕೂಗುತ್ತಿದ್ದಳು. ಶಾಲೆಯಿಂದ ಒಬ್ಬಳೇ ಬರುವುದು ನಿಂತಿತು. ನನಗೆ ಎಷ್ಟು ಸಂತೋಷವಾಯಿತು ಅಂದರೆ ನೀಲವ್ವನ ಕೈ ಹಿಡಿದುಕೊಂಡು ಏನೇನೋ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳಿಗೆ ತಡವಾಯಿತು. "ಸಾಕ್ ಬಿಡ್ರಿ ಅಕ್ಕಾರ, ಹಂಚು ಕಾದೈತಿ," ಅಂದಳು.

ಮೊನ್ನೆ ಭಾನುವಾರ ಆಟಕ್ಕೆ ಮೊದಲು ರಕ್ಷಿತಾ ಕರೆದಳು. ಪೂಜಾ ಟ್ಯೂಷನ್ನಿಗೆ ಸೇರಿದ್ದಾಳಂತೆ, ಬುರುಜು ಖಾಲಿಯಂತೆ. ಚಂದನಾ ಖುಷಿಯಿಂದ ಈ ಊರಿನ ಮಾತಿನಲ್ಲೇ ಏನೋ ಅಂದಳು. ಆ ಕಡೆ ಮೂವರೂ ಬಿದ್ದು ಬಿದ್ದು ನಕ್ಕದ್ದು ಹೆಡ್‌ಸೆಟ್ಟಿನ ಹೊರಗೂ ಕೇಳಿಸಿತು. ಅವಳು ಏನು ಅಂದಳೋ ಅದನ್ನೇ ತಿರುಗಿ ತಿರುಗಿ ಹೇಳಿ ಅಣಕಿಸಿದರು. ಮೊದಲು ಇಲ್ಲಿಯವರು ಅಣಕಿಸಿದ್ದರು, ಈಗ ಅಲ್ಲಿಯವರು. ಚಂದನಾ ಮಾತು ನಿಲ್ಲಿಸುವ ಗುಂಡಿ ಒತ್ತಿ ನನ್ನ ಕಡೆ ತಿರುಗಿದಳು.

"ಅಜ್ಜಿ, ಇವ್ರೂ ನಾಲ್ಕು ಗಂಟಿಗೆ, ಸೃಷ್ಟಿನೂ ನಾಲ್ಕು ಗಂಟಿಗೆ. ಎಲ್ಲಿ ಹೋಗ್ಲಿ?"

ನಾನು ಆ ಹೆಡ್‌ಸೆಟ್ಟನ್ನು ನೋಡಿದೆ. ಅದರೊಳಗೆ ನನ್ನ ಬೀದಿ ಇತ್ತು. ಅವಳು ಅಲ್ಲಿಗೆ ಹೋದರೆ ವಾರಕ್ಕೊಮ್ಮೆ ಐದು ನಿಮಿಷವಾದರೂ ನನ್ನ ಕಿವಿಗೆ ನಮ್ಮೂರ ಮಾತು ಬೀಳುತ್ತಿತ್ತು. ಇದನ್ನು ಅವಳೂ ಬಲ್ಲಳು, ಅದಕ್ಕೇ ಕೇಳಿದಳು. ನನ್ನ ಮನಸ್ಸು ನೋಯಬಾರದು ಅಂತ ಮತ್ತೆ ಮೂಕಿಯಾಗಲು ತಯಾರಾಗಿ ಕೂತಿದ್ದಳು.

"ದಿನಾ ಬೆಳಿಗ್ಗೆ ಯಾರ ಜೊತೆ ಇಸ್ಕೂಲಿಗೆ ಹೋಯ್ತೀಯೋ ಅವ್ರ ಜೊತೆಗೇ ಆಡವ್ವ," ಅಂದೆ. ಅವಳ ಮುಖ ಬಿಚ್ಚಿಕೊಂಡಿತು. ಅದನ್ನು ನೋಡಿದ ಮೇಲೆ ನನಗೆ ಇನ್ನೇನೂ ಬೇಕಿರಲಿಲ್ಲ, ಆದರೂ ಏನೋ ಒಂದು ಬೇಕಾಗಿತ್ತು. ಅಡುಗೆ ಖೋಲಿಗೆ ಹೋಗಿ ಕೂತೆ.

ಹೋದ ತಿಂಗಳು ಊರಿಗೆ ಬರುತ್ತೇನೆ ಅಂದಿದ್ದೆ, ಬರಲಿಲ್ಲ. ಮುಂದಿನ ತಿಂಗಳೂ ಆಗುವುದಿಲ್ಲ. ರಕ್ಷಿತಾ ನಿಮ್ಮ ಕಣ್ಣಿಗೆ ಬಿದ್ದರೆ, ಚಂದನಾ ಅಜ್ಜಿಗೆ ನಿನ್ನ ಮೇಲೆ ಕೋಪವಿಲ್ಲ ಅಂತ ಹೇಳಿ. ಕೋಪ ಇದೆ. ಆದರೂ ಹಾಗೇ ಹೇಳಿ.