ಮಾಲಕನ ಹೆಸರಿನ ಅಂಗಿ

ಆಗ ನಂಗ ಹನ್ನೆರಡು ವರ್ಷ. ಅದಕ್ಕೀಗ ಐವತ್ತೈದು ವರ್ಷ ಆಯ್ತು. ಆ ದಿನದಾಗ ಶಹಾಬಾದದ ಫರ್ಸಿ ಕಲ್ಲಿನ ಕಾರ್ಖಾನಿಯವರು ತಮ್ಮ ತಮ್ಮ ಕಬಡ್ಡಿ ಟೀಮ್ ಇಟ್ಟಿದ್ರು. ಆ ಕಡೆಯವರಿಗಿ ನೆನಪಿದ್ದೀತು, ಸಂಜಿಕ ಬಾಯಿತುಂಬ ಕಲ್ಲಿನ ಧೂಳು, ಹುಡುಗರ ಬೆವರಿನ ವಾಸನಿ.

ನಮ್ಮಣ್ಣ ಶಿವಪ್ಪ ಅಂಥಾ ಒಂದು ಕಾರ್ಖಾನ್ಯಾಗ ಹಮಾಲಿ ಮಾಡ್ತಿದ್ದ, ಅಲ್ಲಿನ ಮಾಲಕನ ಟೀಮಿನಾಗ ಆಡ್ತಿದ್ದ. ಅವನ ಕೈಗಿ ಕಾಲು ಸಿಕ್ರ ಯಾರೂ ಬಿಡಿಸಿಕೊಂಡು ಹೋಗ್ತಿರಲಿಲ್ಲ. ದಂಡೋತಿ ಊರಿನವರ ಸಂಗಟ ಇದ್ದ ಆಟ ಗೆದ್ರ ಪಾಲಿಶ್ ಮಷೀನಿನ ಮ್ಯಾಲ ಹಾಕ್ತೀನಿ ಅಂತ ಮಾಲಕ ಮಾತು ಕೊಟ್ಟಿದ್ದ. ಅಲ್ಲಿ ಪಗಾರ ಹೆಚ್ಚು. ಗೆದ್ರ ನಾ ಸಾಲಿಗಿ ಹೋಗೋದು, ಇಲ್ಲಾಂದ್ರ ಅವ್ವನ ಸಂಗಟ ಕಲ್ಲು ಹೊರೋದು. ಅಪ್ಪ ಇರಲಿಲ್ಲ.

ಆಟ ಇದ್ದ ವಾರ ಕುಂತಲ್ಲಿ ಕುಂದ್ರಾಕ ಆಗಲಿಲ್ಲ ನಂಗ. ಐದು ಕಲ್ಲಿನ ಆಟ ಆಡ್ತಾ, ಮ್ಯಾಲ ಹಾರಿಸಿದ ಕಲ್ಲು ಹಿಡಿಯೋದೇ ಮರೀತಿದ್ದೆ.

ಮಾಲಕನಿಗೂ ಹುಚ್ಚಿತ್ತು, ಸುಳ್ಳು ಯಾಕ ಹೇಳ್ಲಿ. ಆದ್ರ ಅದು ಅಂಗಿ ಹುಚ್ಚು. ಹಸರು ಅಂಗಿ ಹೊಲಿಸಿ ಬೆನ್ನಿಗಿ ತನ್ನ ಹೆಸರು ಬರೆಸಿದ. ಫೋಟೊ ತಗೊಳ್ಳೋನ್ನ ಕರೆಸಿದ. ದಂಡೋತಿ ಗೌಡ ತನ್ನ ಟೀಮಿನ ಹುಡುಗರಿಗಿ ಹೊಲದ ಕೆಲಸ ಬಿಡಿಸಿ ಹಾಲು, ತತ್ತಿ ಹಾಕ್ಲಿಕತ್ತಾನ ಅಂತ ಸುದ್ದಿ ಬಂದ್ರ ನಕ್ಕುಬಿಟ್ಟ.

ಆಟದ ದಿನ ಬೆಳಿಗ್ಗಿ ಫರ್ಸಿ ಒಯ್ಯಾಕ ಲಾರಿ ಬಂದು ನಿಂತ್ತು.

"ಮಾಲಕ್ರೀ, ಇವತ್ತೊಂದಿನ ಫರ್ಸಿ ಎತ್ತಸಬ್ಯಾಡ್ರಿ. ಕೈ ಸತ್ತು ಹೋಗ್ತಾವ," ಅಂದ ಅಣ್ಣ.

"ಆಟ ಸಂಜಿಕ ಅದಲ್ಲೋ ಲಾಟಸಾಬ! ಮೊದಲ ತುಂಬು. ಕೈ ಇನ್ನಾ ಗಟ್ಟಿ ಆಗ್ತಾವ."

ತುಂಬಿದ್ರು. ಅದೇ ಲಾರಿ ಮ್ಯಾಲ ಕುಂತು ದಂಡೋತಿಗಿ ಹೋದ್ವಿ, ಬುತ್ತಿ ಹಿಡ್ಕೊಂಡು ನಾನೂ. ಕಾಗಿಣಾ ಹೊಳಿ ದಂಡಿ ಮ್ಯಾಲ ಬುತ್ತಿ ಬಿಚ್ಚಿದೆ. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಣ್ಣನಿಗಿ ರೊಟ್ಟಿ ಮುರಿಯಾಕ ಆಗಲಿಲ್ಲ. ಬೆರಳು ಮಡಚವಲ್ವು. ನಾನೇ ತುತ್ತು ಮಾಡಿ ಬಾಯಾಗಿಟ್ಟೆ.

"ಆಡಬ್ಯಾಡ ಅಣ್ಣಾ."

"ಬಾಯಿ ಮುಚ್ಚು. ಸಾಲಿ ಬ್ಯಾಡೇನು ನಿಂಗ?"

ಸಂಜಿಕ ಆಟದ ಕಡಿಗಿ ಎರಡೂ ಟೀಮಿನ ಪಾಯಿಂಟ್ ಸಮ ಇದ್ದವು. ಕಬಡ್ಡಿ ಕಬಡ್ಡಿ ಅನ್ಕೋತ ದಂಡೋತಿ ಹುಡುಗ ನಮ್ಮವರ ಒಳಗ ಬಂದ. ಅವನ್ನ ತಡದ್ರ ಗೆದ್ವಿ. ಅಣ್ಣ ಕಾಲು ಹಿಡದ, ಖರೇನ ಹಿಡದ. ಬೆರಳು ಒಂದೊಂದೇ ಬಿಚ್ಚಿದ್ದು ಗೆರಿ ಹೊರಗ ನಿಂತ ನಂಗ ಕಂಡ್ತು. ಹುಡುಗ ನಡುಗೆರಿ ದಾಟಿದ, ನಾವು ಸೋತ್ವಿ.

"ನನ್ನ ಹೆಸರು ಮಣ್ಣುಪಾಲು ಮಾಡಿದ್ರಿ. ಬಿಚ್ರಿ ಅಂಗಿ," ಅಂದ ಮಾಲಕ. ಅಷ್ಟೂ ಮಂದಿ ಅಲ್ಲೇ ಬಿಚ್ಚಿ ಕೊಟ್ಟು ಬರೇ ಮೈಲೆ ಮನಿ ದಾರಿ ಹಿಡದ್ರು. ಮಷೀನಿನ ಮಾತು ಯಾರೂ ಎತ್ತಲಿಲ್ಲ.

ಈಗ ಟೀವ್ಯಾಗ ಕಬಡ್ಡಿಗಿ ದೊಡ್ಡ ದೊಡ್ಡ ಮಾಲಕರು. "ಯಾವ ಟೀಮ್ ಗೆಲ್ತದ ಆಯಿ?" ಅಂತಾಳ ಮೊಮ್ಮಗಳು. "ಆಡೋರನ್ನ ಬಿಡು, ಮಾಲಕನಿಗಿ ಏನ್ ಬೇಕಾಗ್ಯದ ನೋಡು," ಅಂತೀನಿ. ಆ ಟೀಮುಗಳು ಈಗಿಲ್ಲ, ಅಣ್ಣನೂ ಇಲ್ಲ. ನನ್ನ ಓದು ಐದನೇ ಇಯತ್ತೆಗಿ ನಿಂತ್ತು, ಮುಂದ ಹೋಗಲೇ ಇಲ್ಲ.

ಆಟದ ಮರುದಿನ ಬೆಳಿಗ್ಗಿ ಅವ್ವ ನನ್ನ ಎಬ್ಬಸಲಿಲ್ಲ. ನಾನೇ ಎದ್ದೆ, ತಲಿಗಿ ಸಿಂಬಿ ಇಟ್ಕೊಂಡೆ, ಅವ್ವಗಿಂತ ಮೊದಲ ಕಾರ್ಖಾನಿಗಿ ಹೋಗಿ ಕಲ್ಲು ಹೊತ್ತೆ.