ಸ್ಕ್ಯಾನು ಓದಿದವರು

ನನ್ನ ಮೊಮ್ಮಗಳಿಗೆ ತಾಯಿ ಉಳಿದಳು. ನನ್ನ ಸೊಸೆ ಜಯಳ ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂತ ಬೆಳಿಗ್ಗೆ ಡಾಕ್ಟರೇ ಹೇಳಿದರು. ಜರಗನಹಳ್ಳಿಗೆ ವಾಪಸ್ಸು ಬರುವಾಗ ಬಸ್ಸಿನ ಕಂಡಕ್ಟರಿಗೂ ಹೇಳಿಬಿಟ್ಟೆ. "ಒಳ್ಳೇದಾಯ್ತಮ್ಮ, ಸ್ವಲ್ಪ ಒಳಗೆ ಹೋಗಿ" ಅಂದ.

ಸ್ಕ್ಯಾನಿನ ಕಂದು ಕವರು ಈಗ ಅಕ್ಕಿ ಡಬ್ಬದ ಮೇಲೆ ಬಿದ್ದಿದೆ. ಅದನ್ನು ನೋಡಿದರೆ ಈ ಮೂರು ದಿನ ನಮ್ಮನೆಯಲ್ಲಿ ಡಾಕ್ಟರಿಕೆ ಮಾಡಿದವರೆಲ್ಲ ನೆನಪಾಗ್ತಾರೆ.

ಹೋದ ವರ್ಷ ಜಯ ಎರಡನೇ ಸಲ ಬಸುರಿಯಾದಳು ಅಂದುಕೊಂಡೆವು. ಮಗು ಇರಲಿಲ್ಲ, ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳಿದ್ದವು. ತೆಗೆಸಿದ ಮೇಲೂ ಅದರ ಚೂರು ಗರ್ಭಕೋಶದಲ್ಲಿ ಉಳಿದು ಕ್ಯಾನ್ಸರಾಯಿತು. ಅಪರೂಪದ್ದು ಅಂದರು ಡಾಕ್ಟರು. "ಅಪರೂಪದ್ದೆಲ್ಲ ನಿಮ್ಮನೆಗೇ ಬರುತ್ತೆ ನೋಡಿ ಅತ್ತಿಗೆ" ಅಂದಳು ವಸಂತಪುರದ ನನ್ನ ನಾದಿನಿ, ಕಾಫಿ ಆರಿಸಿಕೊಳ್ತಾ.

ತಿಂಗಳುಗಟ್ಟಲೆ ಇಂಜೆಕ್ಷನ್ನಾಯಿತು, ಕೂದಲೆಲ್ಲ ಉದುರಿತು. ಇನ್ನೇನಾದರೂ ಉಳಿದಿದೆಯಾ ನೋಡೋಕೆ ಶನಿವಾರ ಜಯನಗರದಲ್ಲಿ ಸ್ಕ್ಯಾನು, ಅದೂ ಹೊಸದಾಗಿ ಬಂದ ಮಿಷನ್ನು. ಚೆನ್ನಾಗಿ ನೀರು ಕುಡಿಸಿ ಅಂದಿದ್ದರು. ನಾನೇ ಪಕ್ಕದಲ್ಲಿ ನಿಂತು ಲೋಟದ ಮೇಲೆ ಲೋಟ ಕುಡಿಸಿದೆ. ಆಮೇಲೆ ಕವರು ಕೊಟ್ಟು, ಮಂಗಳವಾರ ದೊಡ್ಡ ಡಾಕ್ಟರಿಗೆ ತೋರಿಸಿ ಅಂದರು.

ಮಂಗಳವಾರದ ತನಕ ಸುಮ್ಮನಿರೋ ಜನವಾ ನಾವು? ನಾನು ಕವರಿಗೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟೆ. ಅಷ್ಟಕ್ಕೇ ಬಿಟ್ಟಿದ್ದರೆ ಕೆಡ್ತಿರಲಿಲ್ಲ. ಭಾನುವಾರ ನಾದಿನಿ ಬಂದು ಕೂತಿದ್ದಳು, ಹಿಂದೆಯೇ ನನ್ನ ತಮ್ಮನೂ ಬಂದ. ಬೊಮ್ಮನಹಳ್ಳಿ ಫ್ಯಾಕ್ಟರೀಲಿ ಸೂಪರ್‌ವೈಸರು. ತನಗೆ ಇಂಗ್ಲಿಷ್ ಬರುತ್ತೆ ಅಂತ ಅವನೊಬ್ಬನಿಗೆ ನಂಬಿಕೆ. ಕವರು ಬಿಚ್ಚಿ, ಕಾಗದ ನೋಡಿ ಓದಿದ ಹಾಗೆ ತುಟಿ ಆಡಿಸಿ, ಅದನ್ನು ಪಕ್ಕಕ್ಕಿಟ್ಟು, ಕರೀ ಫಿಲಂ ಕಿಟಕಿಗೆ ಹಿಡಿದ.

"ಅಕ್ಕಾ, ಇಲ್ನೋಡು. ಮೂಸಂಬಿ ಗಾತ್ರ ಇದೆ."

ಇತ್ತು. ಕಪ್ಪಗೆ, ದುಂಡಗೆ. ಮೂರನೇ ಕ್ಲಾಸು ಓದಿದ ನಾನೂ ಗೊತ್ತಿರೋಳ ಹಾಗೆ ತಲೆಯಾಡಿಸಿದೆ. ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎರಡು ನಿಮಿಷಕ್ಕೆ ತೆಗೆದಳು.

"ಅತ್ತಿಗೆ, ನಿಮ್ಮ ಮಗನಿಗೆ ಇನ್ನೂ ಮೂವತ್ತು. ಮಗೂನ ನೋಡ್ಕೊಳ್ಳೋರು ಬೇಕಲ್ಲ. ನನಗೆ ಗೊತ್ತಿರೋ ಒಂದು ಹೆಣ್ಣಿದೆ."

ಅವಳ ಬಾಯಿ ಮುಚ್ಚಿಸಬೇಕಿತ್ತು ನಾನು. "ಯಾವೂರು?" ಅಂದೆ.

ಬಾಗಿಲಲ್ಲಿ ಜಯ ನಿಂತಿದ್ದಳು, ತಲೆಗೆ ಟವಲು ಕಟ್ಟಿಕೊಂಡು. "ಅವಳಿಗೆ ಮುದ್ದೆ ತಿರುವೋಕೆ ಬರುತ್ತಾ ಕೇಳಿ ಚಿಕ್ಕತ್ತೆ. ಗಂಟಾದ್ರೆ ಮಾವನಿಗೆ ಸೇರಲ್ಲ" ಅಂದು ಒಳಗೆ ಹೋದಳು.

ಇವತ್ತು ಡಾಕ್ಟರಿಗೆ ಆ ಮೂಸಂಬಿ ತೋರಿಸಿದೆ. "ಇದಾ? ಮೂತ್ರಕೋಶ. ನೀರು ತುಂಬಿದೆ. ಎಷ್ಟು ಲೋಟ ಕುಡಿಸಿದ್ರಿ?" ನಾನು ಬೆರಳು ಮಡಚಿ ಎಣಿಸ್ತಿದ್ದೆ, ಅವರು ಕಾಯಲಿಲ್ಲ. "ಗರ್ಭಕೋಶ ಚೊಕ್ಕಟವಾಗಿದೆ. ತಿಂಗಳಿಗೊಮ್ಮೆ ಬಂದು ತೋರಿಸ್ತಿರಿ."

ಸಂಜೆ ಒಬ್ಬಟ್ಟು ಅಂದಮೇಲೆ ಎಲ್ಲರೂ ಬಂದರು. "ಆವತ್ತೇ ಅಂದ್ಕೊಂಡೆ, ಅದು ನೀರಿನ ಥರಾನೇ ಇತ್ತು" ಅಂದ ತಮ್ಮ. ನಾದಿನಿ ಒಬ್ಬಟ್ಟು ದಪ್ಪ ಆಯ್ತು ಅಂದಳು, ನಾಲ್ಕು ತಿಂದಳು. ನಮ್ಮನೆಯಲ್ಲಿ ಗಂಡಸರು ಎದ್ದ ಮೇಲೆ ಸೊಸೆ ಉಣ್ಣೋದು. ಇವತ್ತು ಜಯಳನ್ನು ಅವಳ ಮಗಳ ಪಕ್ಕ ಮೊದಲ ಪಂಕ್ತಿಗೇ ಕೂರಿಸಿ ತುಪ್ಪ ಬಡಿಸಿದೆ. ಬಗ್ಗಿದಾಗ, ಅವಳಿಗಷ್ಟೇ ಕೇಳೋ ಹಾಗೆ, "ಆವತ್ತು ನಾನು ಹಾಗೆ ಕೇಳಬಾರದಿತ್ತು ಕಣಮ್ಮ" ಅಂದೆ.

ಅವಳು ತಲೆಯೆತ್ತಲಿಲ್ಲ. "ಕೇಳಬಾರದಿತ್ತು" ಅಂದಳು. ಆಮೇಲೆ ಮಗಳನ್ನು ಸ್ವಲ್ಪ ಸರಿಸಿ ಜಾಗ ಮಾಡಿದಳು. "ಕೂತ್ಕೊಳ್ಳಿ ಅತ್ತೆ. ಬೇಕಾದೋರು ಹಾಕ್ಕೊಳ್ತಾರೆ."

ಕೂತೆ. ಎಲ್ಲರೂ ಒಟ್ಟಿಗೇ ಉಂಡೆವು.