ಟೀಚರ್ ಓದದೆ ಹೋದ ಕೀರ್ತನೆ

ಟೀಚರ ಬಲಗೈ ತೋರುಬೆರಳಿನ ಉಗುರು ಉದ್ದಕ್ಕೆ ಸೀಳಿ ಎರಡು ಎಸಳಾಗಿ ಬೆಳೆದಿತ್ತು. ಹೊಲಿಗೆ ಮಿಷನ್ನಿನ ಸೂಜಿ ಒಮ್ಮೆ ಆ ಬೆರಳನ್ನು ತೂರಿಕೊಂಡು ಹೋಗಿತ್ತಂತೆ. ಸತ್ಯವೇದದ, ಅಂದರೆ ತಮ್ಮ ಬೈಬಲ್ಲಿನ, ಸಾಲಿನ ಕೆಳಗೆ ಆ ಬೆರಳನ್ನು ಸರಿಸುತ್ತ ಅವರು ಓದಿಸುವಾಗ, ಎಂಟು ವರ್ಷದ ನಾನು ಅಕ್ಷರ ಬಿಟ್ಟು ಉಗುರನ್ನೇ ನೋಡುತ್ತಿದ್ದೆ. "ಉಗುರಿನ್ಯಾಗ ಏನೂ ಬರ್ದಿಲ್ಲ, ಮ್ಯಾಲೆ ನೋಡು" ಅನ್ನುತ್ತಿದ್ದರು.

ಹರಿಹರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾವು ಕ್ಯಾಥೋಲಿಕರು, ಅವರು ಪ್ರೊಟೆಸ್ಟೆಂಟ್. ಓಣಿಯ ಉಳಿದವರಿಗೆ ಈ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಎದುರುಮನೆಯ ಮುಸ್ಲಿಂ ಅಜ್ಜಿಗೆ ಎರಡೂ "ಕಿರಸ್ತಾನರ ಮನಿ". ಆದರೆ ನಮ್ಮಮ್ಮನಿಗೂ ಟೀಚರಿಗೂ ಅದು ಚೆನ್ನಾಗಿ ಗೊತ್ತಿತ್ತು. ಮದುವೆಯಾಗದ ಟೀಚರ್ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ ಜೀವನ ಮಾಡುತ್ತಿದ್ದರು. ಸಂಜೆ ಕೆಲಸ ಮುಗಿಸಿ ಇಬ್ಬರೂ ಕಟ್ಟೆಯ ಮೇಲೆ ಮಂಡಕ್ಕಿ ಹಚ್ಚಿಕೊಂಡು ಕೂತರೆ ವಾದ ಶುರು.

"ಒಬ್ಬೊಬ್ರು ಒಂದೊಂದು ಅರ್ಥ ಹೇಳ್ಕಂತ ಹೋದ್ರೆ ಸಭೆ ಉಳೀತೈತೇನ್ರಿ? ಅದಕ್ಕಾ ನಮಗ ಪೋಪ್ ಅದಾರ" ಎಂದು ಅಮ್ಮ.

"ಹಿರೇರು ಇರ್ಲಿ, ಬ್ಯಾಡ ಅನ್ನಲ್ಲ. ಹಿರೇರು ತಪ್ಪಂಗೇ ಇಲ್ಲ ಅಂದ್ರೆ ಹೆಂಗೆ? ನಂಗ ಪುಸ್ತಕ ಐತೆ, ಓದಾಕ ಕಣ್ಣೂ ಅದಾವ."

"ದೇವಮಾತೆ ಹತ್ರ ಬೇಡ್ಕಂಡ್ರೆ ನೀವೇನು ಕಳ್ಕಂಡಂಗಾತು?"

"ಮಗ ಬಾಗಿಲದಾಗಾ ನಿಂತಿರುವಾಗ ಒಳಗಿರ ಅವ್ವನ್ನ ಯಾಕ ಕರೀಬೇಕು?"

ಅಮ್ಮ ಸಿಟ್ಟಿನಿಂದ ತಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಮಾರನೆಯ ಸಂಜೆ ಮತ್ತೆ ಅದೇ ಕಟ್ಟೆ. ಹೀಗೆ ವಾದ ಮಾಡುವ ಟೀಚರೇ ನಮ್ಮ ಚರ್ಚಿನ ಧರ್ಮಕೇಂದ್ರದ ಹುಡುಗಿಯರಿಗೆಲ್ಲ ಮೊದಲ ಪರಮಪ್ರಸಾದ ಪಡೆಯುವ ದಿನದ ಬಿಳಿ ಫ್ರಾಕ್ ಹೊಲಿಯುತ್ತಿದ್ದರು. ಫಾದರ್ ನಿಲುವಂಗಿಯ ಅಂಚು ಬಿಚ್ಚಿದರೂ ಅವರ ಮನೆಗೇ ಬರುತ್ತಿತ್ತು.

ನಾನು ಓದುವಾಗ ಹೆದರಿ ಶಬ್ದಗಳನ್ನು ನುಂಗುತ್ತಿದ್ದೆ. ಶಾಲೆಯಲ್ಲಿ ಎಲ್ಲರೂ ನಗುತ್ತಿದ್ದರು. ಟೀಚರ್ ಎರಡು ವರ್ಷ ದಿನವೂ ಕೂರಿಸಿಕೊಂಡು, ತಮ್ಮ ಸತ್ಯವೇದದಿಂದಲೇ ಗಟ್ಟಿಯಾಗಿ ಓದಿಸಿದರು. "ನಿಂಗ ಅವಸರ ಇರಬೋದು, ಮಾತಿಗೆ ಅವಸರ ಇಲ್ಲ" ಅನ್ನುವುದು ಅವರ ರೂಢಿಯ ಮಾತು. ನಮ್ಮ ಚರ್ಚಿನಲ್ಲಿ ನಾನು ಮೊದಲ ಸಲ ಪೂಜೆಯಲ್ಲಿ ಬೈಬಲ್ ವಾಚನ ಓದಿದ ಭಾನುವಾರ, ತಮ್ಮ ಸಭೆಯ ಆರಾಧನೆ ಬಿಟ್ಟು ಬಂದು ಕೇಳಿಸಿಕೊಂಡು, ಮುಗಿದ ಕೂಡಲೇ ಎದ್ದು ಹೋದರು. ಮನೆಯಲ್ಲಿ ಸಿಕ್ಕಾಗ, "ಎರಡು ಕಡೆ ಉಸಿರು ತಪ್ಪಿದಿ" ಎಂದರು.

ಆ ಓದಿನ ಬಲದಿಂದಲೇ ನಾನು ಧರ್ಮಕೇಂದ್ರದಲ್ಲಿ ಮೇಲೆ ಬಂದೆ. ದಾವಣಗೆರೆಯ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಹರಿಹರದಲ್ಲೇ ಮದುವೆಯಾಯಿತು, ಚರ್ಚಿನ ವ್ಯವಹಾರ ನೋಡುವ ಪಾಲನಾ ಸಮಿತಿಯ ಕಾರ್ಯದರ್ಶಿಯಾದೆ. ಯಾರು ಎಲ್ಲಿ ನಿಲ್ಲಬೇಕು, ಯಾರು ಓದಬಹುದು ಎಂದು ಹೇಳುವವಳು ನಾನಾದೆ. ಆ ಅಧಿಕಾರ ನನಗೆ ರುಚಿಸಿತ್ತು.

ಅಮ್ಮನಿಗೆ ಕ್ಯಾನ್ಸರ್ ಆದಾಗ ನಾನು ಗಂಡನ ಮನೆಯಿಂದ ರಜೆ ಸಿಕ್ಕ ದಿನ ಬರುತ್ತಿದ್ದೆ. ಟೀಚರ್ ದಿನವೂ ಇರುತ್ತಿದ್ದರು. ಅಮ್ಮನ ಜಪಸರ ಕೈಜಾರಿದರೆ ಎತ್ತಿಕೊಟ್ಟು, ಅವಳು ಜಪ ಮುಗಿಸುವವರೆಗೆ ಸುಮ್ಮನೆ ಕೂತಿರುತ್ತಿದ್ದರು. ಒಂದು ಮಧ್ಯಾಹ್ನ ಅಮ್ಮ ನನಗೆ ಹೇಳಿದಳು, "ನನ್ನ ಮಣ್ಣಿನ ಪೂಜ್ಯಾಗ ಬೈಬಲ್ ಕೀರ್ತನೆ ಟೀಚರ್ ಓದ್ಲಿ." ನಾನು ಹ್ಞೂ ಅಂದೆ.

ಅಮ್ಮ ತೀರಿಕೊಂಡ ಬೆಳಗ್ಗೆ ಟೀಚರೂ ನಾನೂ ಸೇರಿ ಅವಳಿಗೆ ಸ್ನಾನ ಮಾಡಿಸಿದೆವು. ಹೊತ್ತೇರುತ್ತಿದ್ದಂತೆ ಮನೆ ತುಂಬಿತು. ನನ್ನ ಗಂಡನ ಅಣ್ಣ, ಅವರೂ ಸಮಿತಿಯವರೇ, ನನ್ನನ್ನು ಪಕ್ಕಕ್ಕೆ ಕರೆದು, "ಪ್ರೊಟೆಸ್ಟೆಂಟ್ ಹೆಣ್ಮಗಳು ನಮ್ಮ ಪೀಠದಾಗ ಓದ್ತಾಳಂತಲ್ಲ? ಕಾರ್ಯದರ್ಶಿ ಮನ್ಯಾಗಾ ಹಿಂಗಾದ್ರೆ ಹೆಂಗವ್ವ?" ಎಂದರು. ಸುತ್ತ ನಿಂತವರು ಕೇಳಿಸಿಕೊಂಡರು. ನಾನು ಹಿತ್ತಲ ಕಡೆ ನಡೆದೆ.

ಟೀಚರ್ ಹಿತ್ತಲ ಬಾಗಿಲಲ್ಲಿ ಬಿಳಿ ಸೀರೆ ಉಟ್ಟು ಕೂತು ಓದಿಕೊಳ್ಳುತ್ತಿದ್ದರು. ಕೈಯಲ್ಲಿದ್ದದ್ದು ಅಮ್ಮನ ಬೈಬಲ್. "ನಿಮ್ಮ ಪುಸ್ತಕದಾಗಿಂದಾ ಓದ್ತೀನಿ. ಅಕಿ ಕೇಳಿ ರೂಢಿ ಇರೋ ಮಾತಾ ಇರ್ಲಿ" ಎಂದರು.

"ಟೀಚರ್, ಫಾದರ್ ಒಪ್ತಿಲ್ರಿ. ನಮ್ಮಲ್ಲಿ ನಿಯಮ ಐತೆ" ಅಂದೆ.

ನಾನು ಫಾದರನ್ನು ಕೇಳಿಯೇ ಇರಲಿಲ್ಲ.

ಅವರು "ಹಂಗಾ? ಆತು ಬಿಡು" ಎಂದು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಆ ಕೀರ್ತನೆಯನ್ನು ನಾನೇ ಓದಿದೆ. ಎಲ್ಲೂ ಉಸಿರು ತಪ್ಪಲಿಲ್ಲ. ಬಹಳ ಚೆನ್ನಾಗಿ ಓದಿದೆ ಎಂದು ನಾಲ್ಕಾರು ಜನ ಹೇಳಿದರು.

ವಾರದ ನಂತರ ಫಾದರ್ ಕೇಳಿದರು, "ಆ ಟೀಚರ್ ಯಾಕಮ್ಮ ಓದಲಿಲ್ಲ? ನಿಮ್ಮ ತಾಯಿ ಮೊದಲೇ ನನ್ನ ಹತ್ತಿರ ಹೇಳಿಕೊಂಡಿದ್ದರು. ನಾನು ಬಿಷಪ್ ಅವರನ್ನೂ ಕೇಳಿ ಅನುಮತಿ ತೆಗೆದುಕೊಂಡಿದ್ದೆ."

ಆಗಲಾದರೂ ಬಾಯಿ ಬಿಡಬಹುದಿತ್ತು. "ಅವರಿಗೇ ಮನಸ್ಸಿರಲಿಲ್ಲ ಅನ್ಸುತ್ತೆ ಫಾದರ್" ಅಂದೆ. ಅವರು, "ಇರಲಿ, ಅವರವರ ಮನಸ್ಸಾಕ್ಷಿ" ಎಂದರು.

ಅಮ್ಮನ ಮನೆಯನ್ನು ಬಾಡಿಗೆಗೆ ಕೊಟ್ಟೆ. ಆ ಓಣಿಗೆ ಹೋಗುವ ಕಾರಣಗಳನ್ನು ಒಂದೊಂದಾಗಿ ಕಡಿಮೆ ಮಾಡಿಕೊಂಡೆ. ಮೂರು ವರ್ಷ ಕಳೆಯಿತು. ಒಂದು ದಿನ ಟೀಚರ ತಂಗಿಯ ಮಗಳು ಫೋನ್ ಮಾಡಿ, ಅವರು ದಾವಣಗೆರೆಯ ಆಸ್ಪತ್ರೆಯಲ್ಲಿದ್ದಾರೆ, ಕಿಡ್ನಿ ಎರಡೂ ಹೋಗಿವೆ ಎಂದಳು. ಕಚೇರಿಯಿಂದ ನೇರ ಹೋದೆ.

"ಬಾ, ಕೂಡ್ರು" ಎಂದರು. ನಾನು ಅಳುತ್ತ, "ಟೀಚರ್, ಅವತ್ತು ಫಾದರ್ ಬ್ಯಾಡ ಅಂದಿರ್ಲಿಲ್ರಿ" ಅಂದೆ.

"ಗೊತ್ತೈತೆ. ಆ ತಿಂಗಳದಾಗಾ ನಿಲುವಂಗಿ ಹೊಲಿಸಾಕ ಬಂದಿದ್ರು. 'ಯಾಕ ಓದ್ಲಿಲ್ಲ, ನಮ್ಮ ಪೂಜೆ ನಿಮಗ ಒಗ್ಗಲಿಲ್ವಾ' ಅಂತ ಕೇಳಿದ್ರು."

"ನೀವೇನಂದ್ರಿ?"

"ಗಂಟ್ಲು ಕಟ್ಟಿತ್ತು ಅಂದೆ."

"ಖರೆ ಹೇಳ್ಬೇಕಿತ್ತು ಟೀಚರ್."

"ಅವ್ವನ್ನ ಮಣ್ಣಿಗಿಟ್ಟು ತಿಂಗ್ಳಾಗಿರ್ಲಿಲ್ಲ ನಿಂಗ. ನೀನಾ ಬಂದು ಹೇಳ್ತಿ ಅಂತ ಸುಮ್ನಿದ್ದೆ. ಬಾಳ ತಡ ಮಾಡಿದಿ." ಅವರು ಉಸಿರು ತೆಗೆದುಕೊಂಡರು. "ಬ್ಯಾಸರಾಗಿಲ್ಲ ಅಂದ್ರೆ ಸುಳ್ಳಾಗ್ತೈತೆ. ಓದಾಕ ಬಿಡ್ಲಿಲ್ಲ ಅಂತಲ್ಲ. ನಿಂಗಾ ಬ್ಯಾಡಾಗಿದ್ರೆ, ನಂಗ ಬ್ಯಾಡ ಅನ್ಬೇಕಿತ್ತು. ನಿಮ್ಮವ್ವನ ಜೋಡಿ ಆಡ್ದಂಗ ನಿನ್ನ ಜೋಡೀನೂ ಜಗಳಾಡ್ತಿದ್ದೆ. ದೊಡ್ಡೋರನ್ನ ಅಡ್ಡ ನಿಲ್ಲಿಸಿಬಿಟ್ರೆ ನಾ ಯಾರ ಕೂಡ ಜಗಳಾಡ್ಲಿ?"

ಕ್ಷಮಿಸಿದೆ ಎನ್ನಲಿಲ್ಲ. ಹೊರಡುವಾಗ, "ಬಸ್ಸಿಗೆ ಹೊತ್ತಾಗ್ತೈತೆ, ನಡಿ" ಎಂದರು. ನಾಲ್ಕನೆಯ ದಿನ ತೀರಿಕೊಂಡರು.

ಅವರ ಮಣ್ಣು ಮುಗಿಸಿಕೊಂಡು ನಾನು ನೇರ ಫಾದರ್ ಹತ್ತಿರ ಹೋದೆ. "ಪಾಪನಿವೇದನೆಗಾ ಅಮ್ಮ?" ಎಂದು ಎದ್ದರು.

"ಅಲ್ಲ ಫಾದರ್. ಅಲ್ಲಿ ಹೇಳಿದರೆ ಗುಟ್ಟಾಗಿ ನಿಮ್ಮೊಳಗೇ ಉಳಿದುಹೋಗುತ್ತೆ" ಅಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಮುಂದಿನ ಭಾನುವಾರ ಸಮಿತಿಯ ಸಭೆಯಲ್ಲಿ, ಗಂಡನ ಅಣ್ಣನ ಎದುರಿಗೆ, ಮತ್ತೊಮ್ಮೆ ಹೇಳಿದೆ. ಕೇಳಿಸಿಕೊಂಡು ಅವರೇ, "ಹಳೇ ಮಾತು, ಬಿಡವ್ವ. ಇದನ್ನ ಬರಕೊಳ್ಳಾದೇನು ಬ್ಯಾಡ" ಎಂದರು.

ನಡಾವಳಿ ಪುಸ್ತಕ ನನ್ನ ಮುಂದೆಯೇ ಇತ್ತು. ನಾನು ಆಡಿದ ಎರಡು ಸುಳ್ಳುಗಳನ್ನೂ ಅದರಲ್ಲಿ ಬರೆದೆ. ಈ ಕತೆಯಲ್ಲಿ ಹೇಳಲು ಇನ್ನೂ ಬಾಯಿ ಬಾರದ ಟೀಚರ ಹೆಸರನ್ನು ಅಲ್ಲಿ ಪೂರ್ತಿಯಾಗಿ ಬರೆದು, ಕೆಳಗೆ ಸಹಿ ಹಾಕಿದೆ.